ಮದ್ದು ತುಂಬಬೇಕೆ, ಮೇಣ ಹಚ್ಚಬೇಕೆ?

ವಿಜಯದಶಮಿಯ ದಿನ ಮೈಸೂರು ಅರಮನೆಯ ಆವರಣದಲ್ಲಿ ಅಂಬಾರಿಗೆ ಪುಷ್ಪಾರ್ಚನೆಯಾಗಿ ರಾಷ್ಟ್ರಗೀತೆ ಮೊಳಗುವ ಹೊತ್ತಿಗೆ ಅರಸರ ಕಾಲದ ಫಿರಂಗಿಗಳು ಗುಡುಗುತ್ತವೆ. ಏಳು ಫಿರಂಗಿ, ಮೂರು ಸುತ್ತು, ಒಟ್ಟು 21 ಕುಶಾಲತೋಪು. ಸಿಡಿಸುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ಇದಕ್ಕಾಗಿ ಅವರು ವಾರಗಟ್ಟಲೆ ಮೊದಲೇ ಒಣ ತಾಲೀಮು ಮಾಡುತ್ತಾರೆ. ಮದ್ದು ಇಲ್ಲದೆ ನಳಿಗೆ ಒರೆಸುವುದು, ತುಂಬುವುದು, ಹಿಂದೆ ಸರಿಯುವುದು, ಇಷ್ಟನ್ನೇ ಕೈ ಪಳಗುವವರೆಗೆ ಮತ್ತೆ ಮತ್ತೆ ಮಾಡುತ್ತಾರೆ. ಆಮೇಲೆ ಆನೆ, ಕುದುರೆಗಳನ್ನು ನಿಲ್ಲಿಸಿಕೊಂಡು ನಿಜವಾಗಿ ಸಿಡಿಸಿ, ಸದ್ದಿಗೆ ಅವು ಬೆದರದಂತೆ ರೂಢಿ ಮಾಡಿಸುತ್ತಾರೆ. ಅದೇ ಅರಮನೆಯ ಆಯುಧಶಾಲೆಯಲ್ಲಿ ಕತ್ತಿ, ಕಠಾರಿ, ಬಂದೂಕು, ಪಿಸ್ತೂಲುಗಳಿವೆ. ಅವುಗಳಲ್ಲಿ ಒಂದನ್ನಾದರೂ ತೆಗೆದು ಹಾರಿಸೋಣ ಎಂದು ಯಾರೂ ಹೇಳುವುದಿಲ್ಲ. ಹೊರಗಿನ ಫಿರಂಗಿಗೆ ಸದ್ದು ಮಾಡುವ ಹಕ್ಕಿದೆ, ಒಳಗಿನ ಪಿಸ್ತೂಲಿಗೆ ಇಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು, ಮತ್ತು ಮನೆಯಲ್ಲಿ ಅಜ್ಜನ ಕಾಲದ ಪಿಸ್ತೂಲು ಇಟ್ಟುಕೊಂಡವರು ಇವೆರಡರಲ್ಲಿ ಯಾವ ದಾರಿ ಹಿಡಿಯಬೇಕು ಎಂಬುದು ಈ ಲೇಖನದ ವಿಷಯ.

ಇದು ಸಂಗ್ರಾಹಕರ ಸಣ್ಣ ಗುಂಪಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಅರಸು ಮನೆತನದ ನೆಂಟರು, ಬೇಟೆಯ ಚಟವಿದ್ದ ಜಮೀನುದಾರರು, ಸೇನೆಯಿಂದ ನಿವೃತ್ತರಾಗಿ ಬಂದವರು, ಕೊಡಗಿನಿಂದ ಬಂದು ನೆಲೆಸಿದ ತೋಟಗಾರ ಕುಟುಂಬಗಳು ಎಲ್ಲರೂ ಬದುಕಿದ ಊರು ಮೈಸೂರು. ಇಂಥ ಊರಿನ ಮನೆಗಳಲ್ಲಿ ಸಿಗಬಹುದಾದ ಕೈಬಂದೂಕುಗಳೂ ಒಂದೇ ಬಗೆಯವಲ್ಲ. ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವಂಥವು, ಕೇಪು ಹಾಕಿ ಹೊಡೆಯುವಂಥವು, ತೋಟೆ ಹಾಕುವ ವೆಬ್ಲಿಯಂಥ ರಿವಾಲ್ವರುಗಳು, ಕಲ್ಕತ್ತದ ಮ್ಯಾಂಟನ್ ಅಥವಾ ರಾಡ್ಡಾ ಕಂಪನಿಯ ಹೆಸರು ಕೊರೆದು ಬಂದಂಥವು, ಹೀಗೆ. ಮೈಸೂರಿಗೆ ತೀರ ಹತ್ತಿರದ್ದೊಂದು ಬಗೆಯೂ ಇದೆ. ಹುಲಿ ಬೇಟೆಗೆ ಆನೆಯ ಮೇಲೆ ಕುಳಿತು ಹೋಗುವವರು, ಗಾಯಗೊಂಡ ಹುಲಿ ಆನೆಯ ಮೈ ಹತ್ತಿ ಬಂದರೆ ಕೊನೆಯ ರಕ್ಷಣೆಗೆಂದು ಜೋಡಿ ನಳಿಗೆಯ ದಪ್ಪ ಪಿಸ್ತೂಲೊಂದನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದರು. ಆನೆಯ ಮೇಲಿನ ಹೌದಾದ ಹೆಸರಿನಿಂದಲೇ ಅದನ್ನು ಹೌದಾ ಪಿಸ್ತೂಲು ಎನ್ನುತ್ತಾರೆ. ತುಂಬ ಹತ್ತಿರದಿಂದ, ಒಂದೋ ಎರಡೋ ಸಲ ಹೊಡೆಯಲು ಮಾಡಿದ್ದು ಅದು. ನಿಜವಾದ ಬಳಕೆ ಅಪರೂಪವಾಗಿದ್ದರಿಂದಲೇ ಹಲವು ಹೌದಾ ಪಿಸ್ತೂಲುಗಳು ಇಂದಿಗೂ ಒಳ್ಳೆಯ ಸ್ಥಿತಿಯಲ್ಲಿ ಉಳಿದಿವೆ.

ಹಾರಿಸಬೇಕು ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಿಸ್ತೂಲನ್ನು ಮಾಡಿದ್ದು ಹೊಡೆಯಲಿಕ್ಕೆ. ಕುದುರೆ ಎಳೆದಾಗ ಕಿಡಿ ಹಾರಿ, ಮದ್ದು ಹೊತ್ತಿ, ಗುಂಡು ಹೊರಬೀಳುವ ಆ ಕ್ಷಣದಲ್ಲಿ ಮಾತ್ರ ಕುಶಲಕರ್ಮಿಯ ಕೆಲಸ ಪೂರ್ತಿಯಾಗಿ ಕಾಣುತ್ತದೆ ಎನ್ನುತ್ತಾರೆ ಅವರು. ಕಿಡಿಗೂ ಗುಂಡಿಗೂ ನಡುವೆ ಎಷ್ಟು ತಡವಾಗುತ್ತದೆ, ಆ ತಡದಲ್ಲಿ ಕೈ ಅಲುಗದಂತೆ ಹಿಡಿಯುವುದು ಎಷ್ಟು ಕಷ್ಟ ಎಂಬುದು ಓದಿನಿಂದ ತಿಳಿಯುವ ಸಂಗತಿಯಲ್ಲ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳ ಸ್ಪರ್ಧೆ ನಡೆಸುವ ಅಂತಾರಾಷ್ಟ್ರೀಯ ಸಂಸ್ಥೆ ಎಂಎಲ್‌ಎಐಸಿ 1971ರಿಂದ ಇದೆ. ಅದರ ಸ್ಪರ್ಧೆಗಳಲ್ಲಿ ಅಸಲಿ ಹಳೆಯ ಬಂದೂಕುಗಳಿಗೆ ಒಂದು ವಿಭಾಗ, ಹೊಸದಾಗಿ ಮಾಡಿದ ಪ್ರತಿಕೃತಿಗಳಿಗೆ ಇನ್ನೊಂದು ವಿಭಾಗ. ಅಂದರೆ ನೂರೈವತ್ತು ವರ್ಷದ ಪಿಸ್ತೂಲನ್ನು ಎಚ್ಚರಿಕೆಯಿಂದ ಹಾರಿಸುವವರು ಲೋಕದಲ್ಲಿದ್ದಾರೆ, ಅವರು ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ನಮ್ಮ ಊರಿನವರು ಇದನ್ನು ವೀಣೆಗೆ ಹೋಲಿಸಿ ಹೇಳುವುದುಂಟು: ನುಡಿಸದೆ ಮೂಲೆಗಿಟ್ಟ ವೀಣೆ ಕೆಡುತ್ತದೆ, ಹಾಗೆಯೇ ಹಾರಿಸದ ಕೋವಿಯೂ ಎಂದು. ನನಗೆ ಈ ಹೋಲಿಕೆ ಒಪ್ಪಿಗೆಯಿಲ್ಲ. ವೀಣೆಯ ತಂತಿ ಸವೆದರೆ ಬದಲಿಸಬಹುದು, ಮೇಣ ಸಡಿಲವಾದರೆ ಮೇಳ ಮತ್ತೆ ಕಟ್ಟಬಹುದು. ನುಡಿಸುವಿಕೆ ಅದರ ಮರವನ್ನು ತಿನ್ನುವುದಿಲ್ಲ. ಪಿಸ್ತೂಲಿನಲ್ಲಿ ಪ್ರತಿಯೊಂದು ಈಡೂ ನಳಿಗೆಯನ್ನೇ ತಿನ್ನುತ್ತದೆ.

ಹೇಗೆ ತಿನ್ನುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಈ ಚರ್ಚೆಯಲ್ಲಿ ಭಾವನೆ ಹೆಚ್ಚು, ಲೋಹದ ಮಾತು ಕಡಿಮೆ. ಕರಿಮದ್ದು ಎಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗದೆ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೊರಹೋದರೂ ಮಿಕ್ಕದ್ದು ಮಸಿಯಾಗಿ ನಳಿಗೆಯೊಳಗೆ ಕೂರುತ್ತದೆ. ಆ ಮಸಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದೇ ದಿನ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ನಮ್ಮ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಶುರುವಾಗುತ್ತದೆ. ತೋಟೆಯ ಕಾಲಕ್ಕೆ ಬಂದರೆ ಬೇರೆ ತೊಂದರೆ. 20ನೇ ಶತಮಾನದ ನಡುವಿನವರೆಗೆ ಬಳಕೆಯಲ್ಲಿದ್ದ ಹಲವು ಕೇಪುಗಳಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದರೆ ಉಳಿಯುವುದು ಒಂದು ಬಗೆಯ ಉಪ್ಪು. ಎಣ್ಣೆ ಹಚ್ಚಿದರೂ ಕರಗದ, ನೀರಿಗೆ ಮಾತ್ರ ಹೋಗುವ ಉಪ್ಪು. ಬರೀ ಎಣ್ಣೆ ಬಟ್ಟೆಯಿಂದ ಒರೆಸಿಟ್ಟ ಅದೆಷ್ಟೋ ರಿವಾಲ್ವರುಗಳ ನಳಿಗೆ ಒಳಗೊಳಗೇ ಸಿಡುಬು ಬಂದಂತಾಗಲು ಕಾರಣ ಇದೇ.

ಅಪಾಯದ ಮಾತು ಇದಕ್ಕಿಂತ ದೊಡ್ಡದು. ಹಳೆಯ ನಳಿಗೆಗಳಲ್ಲಿ ಅನೇಕವು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಕಾಯಿಸಿ ಬಡಿದು ಬೆಸೆದವು. ಮೇಲ್ಮೈಯಲ್ಲಿ ನೀರಿನ ಅಲೆಯಂಥ ಸುಂದರ ವಿನ್ಯಾಸ ಕಾಣುವುದು ಈ ಹೆಣಿಗೆಯಿಂದಲೇ. ಆದರೆ ಪಟ್ಟಿ ಪಟ್ಟಿಗಳ ನಡುವಿನ ಬೆಸುಗೆಯಲ್ಲಿ ಕಿಟ್ಟ ಸಿಕ್ಕಿಕೊಂಡಿರಬಹುದು, ಅಲ್ಲಿಂದ ತುಕ್ಕು ಒಳಗೆ ನುಸುಳಿರಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಇಂಥ ನಳಿಗೆಯನ್ನು ಕರಿಮದ್ದಿನ ನಿಧಾನ ಒತ್ತಡಕ್ಕೆಂದು ಮಾಡಿದ್ದು. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೊಗೆರಹಿತ ಮದ್ದು ಬಂದ ಮೇಲೆ ಒತ್ತಡದ ಲೆಕ್ಕವೇ ಬದಲಾಯಿತು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹಗಳು ನಳಿಗೆಗೆ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡಿ, ತಾಳಿಕೊಂಡರೆ ಮಾತ್ರ ಮುದ್ರೆ ಒತ್ತುತ್ತಿದ್ದವು. ಹೊಸ ಮದ್ದು ಬಂದ ಮೇಲೆ ಅದಕ್ಕೆ ಬೇರೆಯದೇ ಮುದ್ರೆ ಬಂತು. ಹಳೆಯ ಪಿಸ್ತೂಲನ್ನು ಕೈಗೆತ್ತಿಕೊಂಡಾಗ ಚಿತ್ತಾರಕ್ಕಿಂತ ಮೊದಲು ನೋಡಬೇಕಾದದ್ದು ಈ ಪುಟ್ಟ ಮುದ್ರೆಗಳನ್ನು. ಅವನ್ನು ಓದಲು ಬರುವವರನ್ನು ಕೇಳದೆ ಹಳೆಯ ನಳಿಗೆಗೆ ಹೊಸ ತೋಟೆ ಹಾಕುವವರು ತಮ್ಮ ಬೆರಳನ್ನೂ ಪಕ್ಕದಲ್ಲಿ ನಿಂತವರ ಕಣ್ಣನ್ನೂ ಪಣಕ್ಕಿಟ್ಟಂತೆ. ಇನ್ನು ಆ ಮುದ್ರೆಗಳೂ ಮಾಡಿದ ದಿನದ ಶಕ್ತಿಗೆ ಸಾಕ್ಷಿಯೇ ಹೊರತು ನೂರು ವರ್ಷದ ನಂತರದ ಸ್ಥಿತಿಗಲ್ಲ.

ಅರಮನೆಯ ಫಿರಂಗಿಗಳ ಮಾತು ಬೇರೆಯಾಗುವುದು ಇಲ್ಲಿಯೇ. ಕುಶಾಲತೋಪಿನಲ್ಲಿ ಗುಂಡು ಇರುವುದಿಲ್ಲ, ಮದ್ದು ಮಾತ್ರ. ತಡೆಯುವ ಭಾರ ಮುಂದೆ ಇಲ್ಲದಿದ್ದಾಗ ನಳಿಗೆಯೊಳಗಿನ ಒತ್ತಡ ಬಹಳ ಕಡಿಮೆ. ಗೋಡೆ ದಪ್ಪ, ತೊಳೆಯಲು ಒಂದು ದಳ, ತಾಲೀಮಿಗೆ ಕ್ರಮ, ಮೇಲೆ ಉತ್ತರ ಕೊಡಬೇಕಾದ ಅಧಿಕಾರಿ, ಎಲ್ಲವೂ ಇವೆ. ಅದಕ್ಕಿಂತ ಮುಖ್ಯವಾಗಿ, ಆ ಸದ್ದು ಊರಿಗೆ ಸೇರಿದ್ದು. ದಸರೆಯ ಜನ ಕಾಯುವುದು ಸದ್ದಿಗಾಗಿ. ಯಾವ ಫಿರಂಗಿಯಿಂದ ಎಂದು ಯಾರೂ ಕೇಳುವುದಿಲ್ಲ. ನಾಳೆ ಒಂದು ನಳಿಗೆ ಬಿರುಕು ಬಿಟ್ಟರೆ ಅದನ್ನು ಪಕ್ಕಕ್ಕಿಟ್ಟು ಹೊಸದನ್ನು ಎರಕ ಹೊಯ್ಸಬಹುದು, ಆಚರಣೆ ಮುಕ್ಕಾಗುವುದಿಲ್ಲ. ಹಾಗೆ ಹೊಯ್ಸುವ ಯೋಚನೆಯನ್ನು ಬಿರುಕು ಬರುವ ಮೊದಲೇ ಮಾಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಕೊಡವರ ಕೋವಿಯದೂ ಇದೇ ಜಾತಿಯ ಪ್ರಶ್ನೆ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಬರುವ ಆಯುಧಗಳ ಹಬ್ಬ ಕೈಲ್‌ಪೋದ್‌ನಲ್ಲಿ ಕೋವಿ, ಕತ್ತಿಗಳನ್ನು ಮನೆಯ ಪವಿತ್ರ ಜಾಗವಾದ ನೆಲ್ಲಕ್ಕಿ ಬಾಡೆಯಲ್ಲಿಟ್ಟು, ತೋಕ್ ಪೂ ಎನ್ನುವ ಕೆಂಪು-ಹಳದಿ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು ಹಾರುತ್ತದೆ. ಹುಟ್ಟಿಗೂ ಸಾವಿಗೂ ಕೋವಿ ಸದ್ದು ಮಾಡುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರವೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಮುಂದುವರಿದಿದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಇಲ್ಲಿ ಕೋವಿ ಗಾಜಿನ ಪೆಟ್ಟಿಗೆಯ ವಸ್ತುವಲ್ಲ, ಮನೆಯ ಒಬ್ಬ ಸದಸ್ಯನಂತೆ. ಅದನ್ನು ಹಾರಿಸಬೇಡಿ ಎಂದು ಹೊರಗಿನವರು ಹೇಳುವುದು ಆ ಬದುಕನ್ನು ಅರಿಯದ ಮಾತು. ಆದರೂ ಒಂದು ಭೇದವನ್ನು ಒಕ್ಕದ, ಅಂದರೆ ಮನೆತನದ, ಹಿರಿಯರೇ ಮಾಡಬಹುದು: ತಾತನ ತಾತನ ಕೇಪಿನ ಕೋವಿಗೆ ಹೂವು ಮತ್ತು ಪೂಜೆ, ಕಾಯಿ ಹೊಡೆಯಲು ಈಚಿನ ಗಟ್ಟಿಮುಟ್ಟಾದ ಕೋವಿ. ಈಡಿನ ಸದ್ದಿಗೆ ಯಾವ ನಳಿಗೆಯಾದರೂ ಸರಿ, ತಾತನ ಕೈ ತಾಗಿ ಸವೆದ ಹಿಡಿಗೆ ಮಾತ್ರ ಬದಲಿ ಇಲ್ಲ.

ಕಾಪಿಡುವುದರಿಂದ ಏನು ಉಳಿಯುತ್ತದೆ ಎಂಬುದಕ್ಕೆ ಮೈಸೂರಿಗೆ ಹದಿನೈದು ಕಿಲೋಮೀಟರ್ ಆಚೆಯ ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಇಲ್ಲ. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಬಂದೂಕು, ಪಿಸ್ತೂಲುಗಳ ಮೇಲೆ ಮಾಡಿದವನ ಹೆಸರು, ಊರು, ಮೌಲೂದಿ ಶಕೆಯ ವರ್ಷ, ಹುಲಿಯ ಮುಖ, ಬಬ್ರಿ ಎನ್ನುವ ಹುಲಿಪಟ್ಟೆ ಇವೆಲ್ಲ ಇರುತ್ತವೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವು ಸೈನಿಕರ ಚೀಲಗಳಲ್ಲಿ, ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಹಡಗು ಹತ್ತಿದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿಗೆ ಸಂಬಂಧಿಸಿದ 30 ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋದವು. 2023ರಲ್ಲಿ ಬ್ರಿಟಿಷ್ ಸರ್ಕಾರ ಟಿಪ್ಪುವಿನ ಒಂದು ಚಕಮಕಿ ಬೇಟೆ ಬಂದೂಕನ್ನು 20 ಲಕ್ಷ ಪೌಂಡು ಎಂದು ಬೆಲೆಕಟ್ಟಿ, ದೇಶದಿಂದ ಹೊರಹೋಗದಂತೆ ತಾತ್ಕಾಲಿಕ ತಡೆ ಹಾಕಿತು. 1793-94ರಲ್ಲಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ ಮಾಡಿದ ಬಂದೂಕು ಅದು. ಒಂದೇ ನಳಿಗೆಯಿಂದ, ಮತ್ತೆ ತುಂಬದೆ, ಎರಡು ಈಡು ಹಾರಿಸುವ ಜಾಣ್ಮೆ ಅದರಲ್ಲಿದೆ. ಆ ಕುಶಲಕರ್ಮಿಯ ಹೆಸರು ನಮಗೆ ಗೊತ್ತಾದದ್ದು ಬಂದೂಕು ಕೆಡದೆ ಉಳಿದದ್ದರಿಂದ. 2019ರಲ್ಲಿ ಬರ್ಕ್‌ಷೈರಿನ ಹರಾಜೊಂದರಲ್ಲಿ 60,000 ಪೌಂಡಿಗೆ ಹೋದ ಬೆಳ್ಳಿ ಕಟ್ಟಿನ ಟಿಪ್ಪು ಬಂದೂಕಿನ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಮೈಮೇಲೆ ಯುದ್ಧದ ಪೆಟ್ಟಿನ ಗುರುತುಗಳಿದ್ದವು. ಗೋಡೆಯ ಮೇಲಿಂದ ಇಳಿಸಿದ್ದಲ್ಲ, ರಣರಂಗದಿಂದ ಎತ್ತಿದ್ದು ಎಂದು ಹೇಳಲು ಆ ಗಾಯವೇ ಆಧಾರವಾಯಿತು. ಯಾರಾದರೂ ಅದನ್ನು ಹಾರಿಸುವ ಸ್ಥಿತಿಗೆ ತರಲೆಂದು ನೆಟ್ಟಗೆ ಮಾಡಿ, ಉಜ್ಜಿ, ಹೊಳಪು ಕೊಟ್ಟಿದ್ದರೆ ಆ ಸಾಕ್ಷಿ ಅಳಿಸಿಹೋಗುತ್ತಿತ್ತು.

ಹಾರಿಸುವುದರ ದೊಡ್ಡ ನಷ್ಟ ಹಾರಿಸುವ ಮೊದಲೇ ಆಗಿರುತ್ತದೆ, ಅದನ್ನು ನಾವು ಗಮನಿಸುವುದಿಲ್ಲ. ಹಳೆಯ ಪಿಸ್ತೂಲನ್ನು ಸಿಡಿಯುವಂತೆ ಮಾಡಬೇಕಾದರೆ ಸೋತ ಸ್ಪ್ರಿಂಗ್ ತೆಗೆದು ಹೊಸದು ಹಾಕಬೇಕು, ಕೇಪು ಕೂರುವ ಮೊಲೆಯನ್ನು ಬದಲಿಸಬೇಕು, ನಳಿಗೆಯ ಒಳಗೆ ಕೊರೆದು ನುಣುಪು ಮಾಡಬೇಕು. ಒಂದೊಂದು ಬದಲಾವಣೆಯಲ್ಲೂ ಹಳೆಯ ಕೈಕೆಲಸದ ಒಂದೊಂದು ಪಾಠ ಕಸಕ್ಕೆ ಹೋಗುತ್ತದೆ. ಹಾಗೇ ಉಳಿದ ವಸ್ತು ಏನು ಕಲಿಸುತ್ತದೆ ಎಂಬುದಕ್ಕೆ ಟಿಪ್ಪು ಕಾಲದ ನಗರದ ರಾಕೆಟ್ಟುಗಳನ್ನು ನೆನೆಯಿರಿ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯ ಹೂಳು ತೆಗೆಯುವಾಗ 2018ರಲ್ಲಿ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಅದಕ್ಕೂ ಮೊದಲು, 2002ರಲ್ಲಿ, ಅಲ್ಲಿಯೇ 160ರಷ್ಟು ಸಿಕ್ಕಿದ್ದವು. ಅವು ರಾಕೆಟ್ಟುಗಳೆಂದು ಗೊತ್ತಾಗಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಕೊಳವೆಗಳ ಅಳತೆ, ಒಳಗಿನ ಮದ್ದಿನ ಶೇಷ, ಕಬ್ಬಿಣದ ಗುಣ ಇವೆಲ್ಲ ಈಗ ಅಧ್ಯಯನದ ವಸ್ತುಗಳು. ಗುಜರಿಯೆಂದು ಬಗೆದು ತೂಕಕ್ಕೆ ಹಾಕಿದ್ದರೆ, ಹಬ್ಬಕ್ಕೆ ಸಿಡಿಸಿ ನೋಡೋಣ ಎಂದಿದ್ದರೆ, ಕತೆಯೇ ಮುಗಿಯುತ್ತಿತ್ತು.

ಈಗ ಕಾನೂನಿನ ಮಾತು. 1959ರ ಆಯುಧ ಕಾಯ್ದೆಯ 45ನೇ ಕಲಮಿನ ಪ್ರಕಾರ, ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿದ್ದರೆ, ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಹಳೆಯದು ಎಂಬುದಷ್ಟೇ ಸಾಲದು, ಸಿಡಿಯಲಾರದ್ದೂ ಆಗಿರಬೇಕು. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಇಲಾಖೆ ಆಯುಧ ನಿಯಮಗಳಿಗೆ ತಂದ ತಿದ್ದುಪಡಿ ಇನ್ನೊಂದು ಬಾಗಿಲು ತೆರೆಯಿತು. ಕ್ಯೂರಿಯೊ ಎಂಬ ವರ್ಗಕ್ಕೆ ಸೇರುವ ಸಣ್ಣ ಆಯುಧಗಳನ್ನು ನಿಗದಿತ ಷರತ್ತುಗಳಿಗೆ ಒಳಪಟ್ಟು ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಬಳಸಲು, ಹೊತ್ತೊಯ್ಯಲು, ಸಾಗಿಸಲು ಪರವಾನಗಿ ಬೇಕೇ ಬೇಕು. ಪರವಾನಗಿಯಲ್ಲಿ ಆ ಆಯುಧ ನಮೂದಾಗಿರದಿದ್ದರೆ ಅದಕ್ಕೆ ಮದ್ದುಗುಂಡು ಮಾರುವಂತಿಲ್ಲ. ನಮ್ಮ ಪ್ರಶ್ನೆಗೆ ಕಾನೂನು ಸದ್ದಿಲ್ಲದೆ ಕೊಟ್ಟ ಉತ್ತರ ಇದು: ಇಡುವುದಕ್ಕೆ ದಾರಿ ಸಲೀಸು, ಹಾರಿಸುವುದಕ್ಕೆ ದಾರಿ ಬಿಗಿ. ಕಾಯ್ದೆಗೆ ಬಂದ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ, ಉತ್ಸವ, ಜಾತ್ರೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಹೇಳಿದ್ದೂ ಅದೇ ತಿದ್ದುಪಡಿ. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತು ಕಾಯ್ದೆಯೂ ಅನ್ವಯಿಸುತ್ತದೆ, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ಅಮೆರಿಕದ ಮಗನಿಗೆ ತಾತನ ಪಿಸ್ತೂಲನ್ನು ಕಳಿಸಿಕೊಡುವ ಆಸೆ ಇದ್ದವರು ಇದನ್ನು ತಿಳಿದಿರಬೇಕು.

ಆದರೆ ಹಾರಿಸುವುದು, ಕಾಪಿಡುವುದು ಎಂಬ ಎರಡರ ನಡುವೆ ನಾವು ವಾದ ಮಾಡುತ್ತಿರುವಾಗ ಹಲವು ಪಿಸ್ತೂಲುಗಳು ಮೂರನೆಯ ದಾರಿಯಲ್ಲಿ ಹೋಗಿಬಿಡುತ್ತವೆ. ಪರವಾನಗಿದಾರರು ತೀರಿಕೊಳ್ಳುತ್ತಾರೆ. ಮಕ್ಕಳು ಬೇರೆ ಊರಿನಲ್ಲಿ. ಆಯುಧ ಮನೆಯಲ್ಲಿರುವುದೇ ಭಯ. ಕಾಯ್ದೆಯ 21ನೇ ಕಲಮಿನಂತೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಮಾರಾಟಗಾರರಲ್ಲಿ ಠೇವಣಿ ಇಡುತ್ತಾರೆ, ಆಮೇಲೆ ಮರೆಯುತ್ತಾರೆ. ಅವಧಿಯೊಳಗೆ ಯಾರೂ ಪಡೆದುಕೊಳ್ಳದಿದ್ದರೆ ಅದು ಸರ್ಕಾರದ ವಶವಾಗುತ್ತದೆ. ಯಾರ ಪಿಸ್ತೂಲು, ಯಾವ ಅರಸರ ಕಾಲದಲ್ಲಿ ಯಾರಿಗೆ ಯಾಕೆ ಸಿಕ್ಕಿತು ಎಂಬ ವಿವರ ಠಾಣೆಯ ವಹಿಯಲ್ಲಿ ಇರುವುದಿಲ್ಲ. ಅಲ್ಲಿರುವುದು ಬೋರ್ ಮತ್ತು ನಂಬರ್ ಮಾತ್ರ. ಹಾರಿಸಿ ಹಾಳಾದ ಪಿಸ್ತೂಲಿಗಿಂತ ಹೀಗೆ ಹೆಸರಿಲ್ಲದೆ ಮಾಯವಾದ ಪಿಸ್ತೂಲಿನ ಬಗ್ಗೆ ನನಗೆ ಹೆಚ್ಚು ಸಂಕಟವಾಗುತ್ತದೆ. ಮಗ ಅಥವಾ ಮಗಳು ಕಾನೂನುಬದ್ಧ ವಾರಸುದಾರರಾಗಿ ಅರ್ಜಿ ಹಾಕಲು ನಿಯಮಗಳಲ್ಲಿ ಅವಕಾಶವಿದೆ. ಹಿರಿಯರು ಇರುವಾಗಲೇ ಈ ಮಾತು ಮನೆಯಲ್ಲಿ ನಡೆಯಬೇಕು.

ಕಾಪಿಡುವುದು ಎಂದರೆ ಬೀರುವಿನಲ್ಲಿ ಬಟ್ಟೆ ಸುತ್ತಿ ಬಿಸಾಡುವುದಲ್ಲ. ಮೊದಲ ಕೆಲಸ, ಒಳಗೆ ಹಳೆಯ ಈಡು ಉಳಿದಿದೆಯೇ ಎಂದು ನೋಡಿಸುವುದು. ಬಾಯಿಯಿಂದ ಮದ್ದು ತುಂಬುವ ಪಿಸ್ತೂಲುಗಳು ತಲೆಮಾರುಗಳ ನಂತರವೂ ತುಂಬಿಯೇ ಇದ್ದ ಪ್ರಸಂಗಗಳು ವಸ್ತುಸಂಗ್ರಹಾಲಯಗಳಿಗೆ ಹೊಸತಲ್ಲ, ಒಣಗಿದ ಕರಿಮದ್ದು ನೂರು ವರ್ಷವಾದರೂ ಹೊತ್ತಬಲ್ಲದು. ಮದ್ದು ಇಡಿಯುವ ಗಜವನ್ನು ನಳಿಗೆಯೊಳಗೆ ಇಳಿಸಿ ಎಲ್ಲಿಯವರೆಗೆ ಹೋಗುತ್ತದೆ ಎಂದು ಗುರುತಿಟ್ಟು, ಹೊರಗಿನಿಂದ ಕಿವಿಯ (ಕಿಡಿ ಒಳಹೋಗುವ) ತೂತಿನ ಅಳತೆಗೆ ಹೋಲಿಸಿದರೆ ತಿಳಿಯುತ್ತದೆ. ಇದನ್ನು ತಿಳಿದವರೇ ಮಾಡಬೇಕು, ತುಂಬಿದ್ದು ಕಂಡರೆ ಪರವಾನಗಿ ಇರುವ ಬಂದೂಕು ರಿಪೇರಿಯವರ ಕೈಗೆ ಒಪ್ಪಿಸಬೇಕು. ಎರಡನೆಯದು, ಉಜ್ಜಬಾರದು. ಹುಣಸೆಹುಳಿ, ಬೂದಿ, ಮರಳುಕಾಗದ, ಹಿತ್ತಾಳೆ ಹೊಳಪಿನ ದ್ರವ ಯಾವುದೂ ಬೇಡ. ಕಂದು ಬಣ್ಣಕ್ಕೆ ತಿರುಗಿದ ಮೇಲ್ಮೈ ಕೊಳೆಯಲ್ಲ, ಅದು ವಯಸ್ಸು. ಕೆಂಪಗೆ ಪುಡಿಯಾಗಿ ಉದುರುವ ತುಕ್ಕನ್ನು ಮಾತ್ರ ಎಣ್ಣೆ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಬಿಡಿಸಬೇಕು. ಅಡುಗೆಯ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿದರೆ ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ, ಹೊಲಿಗೆ ಯಂತ್ರಕ್ಕೆ ಹಾಕುವಂಥ ಖನಿಜ ತೈಲ ತೆಳ್ಳಗೆ ಸಾಕು. ಅದರ ಬದಲು ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಸಣ್ಣ ಹರಳಿನ ಮೇಣ ಹಚ್ಚಿದರೆ ಒಂದು ಮಳೆಗಾಲ ದಾಟಿಸಬಹುದು. ಚರ್ಮದ ಚೀಲದಲ್ಲಿ ಇಡಬಾರದು. ಹದ ಮಾಡಿದ ಚರ್ಮದ ಆಮ್ಲ ಲೋಹವನ್ನು ಕಚ್ಚುತ್ತದೆ.

ಮೈಸೂರಿನವರಿಗೆ ಮುಖ್ಯವಾಗಿ ಬೇಕಾಗುವ ಇನ್ನೊಂದು ಎಚ್ಚರಿಕೆ ಆಯುಧಪೂಜೆಯದು. ಅರಿಸಿನ, ಕುಂಕುಮ, ಗಂಧ ಎಲ್ಲವೂ ನೀರಿನಲ್ಲಿ ಕಲಸಿದವು. ನಿಂಬೆಹಣ್ಣಿನ ರಸ ಹುಳಿ. ಹೂವಿನ ತೊಟ್ಟಿನ ತೇವ ರಾತ್ರಿಯಿಡೀ ಉಕ್ಕಿನ ಮೇಲೆ ಕುಳಿತರೆ ಮರುದಿನ ಅದರ ಅಚ್ಚು ಕಾಣುತ್ತದೆ. ಪೂಜೆ ಬಿಡಬೇಕಾಗಿಲ್ಲ. ಪಿಸ್ತೂಲನ್ನು ರೇಷ್ಮೆ ಬಟ್ಟೆಯ ಮೇಲಿಟ್ಟು ಬೊಟ್ಟನ್ನು ಬಟ್ಟೆಗೋ ಪೆಟ್ಟಿಗೆಗೋ ಇಟ್ಟರೆ ದೇವಿಗೆ ಕೊರತೆಯಾಗದು. ಲೋಹಕ್ಕೇ ಇಟ್ಟರೆ ಅದೇ ಸಂಜೆ ಒರೆಸಿ ಎಣ್ಣೆ ಹಚ್ಚಬೇಕು.

ಹಾರಿಸುವ ಅನುಭವ ಬೇಕೇ ಬೇಕು ಎನ್ನುವವರಿಗೆ ಪ್ರತಿಕೃತಿಗಳಿವೆ. ಇಟಲಿಯ ಪೆಡೆರ್ಸೋಲಿ, ಉಬರ್ಟಿಯಂಥ ಕಂಪನಿಗಳು ಹಳೆಯ ಮಾದರಿಗಳನ್ನು ಹೊಸ ಉಕ್ಕಿನಲ್ಲಿ, ಇಂದಿನ ಪರೀಕ್ಷೆಗೆ ಒಳಪಡಿಸಿ ಮಾಡುತ್ತವೆ. ಭಾರತದಲ್ಲಿ ಅವಕ್ಕೂ ಪರವಾನಗಿ ಬೇಕು, ತರಿಸಿಕೊಳ್ಳುವುದು ಸುಲಭವಲ್ಲ. ಆದರೆ ಕಷ್ಟ ಇರಬೇಕಾದದ್ದು ಅಲ್ಲಿಯೇ. ತಾತನ ಪಿಸ್ತೂಲು ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ ಎಂಬುದು ಅದನ್ನೇ ಹಾರಿಸಲು ಕಾರಣವಾಗಕೂಡದು.

ನಾನು ಕೇಳಬೇಕೆಂದಿರುವುದು ಎರಡು ಸಂಗತಿ. ಒಂದು, ಮನೆಯವರನ್ನು. ಪಿಸ್ತೂಲಿನ ಎರಡೂ ಬದಿಯ ಫೋಟೊ, ಮುದ್ರೆಗಳ ಹತ್ತಿರದ ಫೋಟೊ, ಪರವಾನಗಿಯ ಪ್ರತಿ, ಹಿರಿಯರು ಹೇಳಿದ ಅದರ ಕಥೆ, ಯಾರು ಯಾರಿಗೆ ಕೊಟ್ಟರು ಎಂಬ ವಂಶಾವಳಿ, ಇಷ್ಟನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ಪಿಸ್ತೂಲಿನ ಜೊತೆಗಲ್ಲ, ಬೇರೆ ಜಾಗದಲ್ಲಿ. ಇನ್ನೊಂದು, ಸರ್ಕಾರವನ್ನು. ಠಾಣೆಗಳಲ್ಲಿ ಠೇವಣಿಯಾಗಿ, ವಾರಸುದಾರರಿಲ್ಲದೆ ಸರ್ಕಾರದ ವಶಕ್ಕೆ ಬರುವ ಹಳೆಯ ಆಯುಧಗಳನ್ನು ವಿಲೇವಾರಿ ಮಾಡುವ ಮೊದಲು ಮೈಸೂರಿನಲ್ಲೇ ಕೇಂದ್ರ ಕಚೇರಿ ಇರುವ ರಾಜ್ಯದ ಪುರಾತತ್ವ ಇಲಾಖೆಯ ಒಬ್ಬ ತಜ್ಞರು ಕಡ್ಡಾಯವಾಗಿ ನೋಡುವ ವ್ಯವಸ್ಥೆ ಆಗಲಿ. ವರ್ಷಕ್ಕೆ ಒಂದು ದಿನ, ಚುನಾವಣೆಗೆ ಆಯುಧಗಳನ್ನು ಠಾಣೆಗೆ ತರಿಸಿಕೊಳ್ಳುವ ಕಾಲದಲ್ಲಾದರೂ ಸರಿ, ನೂರು ವರ್ಷ ದಾಟಿದವನ್ನು ಬೇರೆ ಪಟ್ಟಿಯಲ್ಲಿ ಬರೆದು ಫೋಟೊ ತೆಗೆಯಲು ದೊಡ್ಡ ಖರ್ಚೇನೂ ಬೇಕಾಗುವುದಿಲ್ಲ. ಕೆಲಸ ಮೈಸೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯಿಂದಲೇ ಶುರುವಾದರೆ ಉಳಿದ ಜಿಲ್ಲೆಗಳಿಗೆ ಮಾದರಿ ಸಿಗುತ್ತದೆ.